ಮನೆ ಬೆಕ್ಕು, ನಗರದ ಹಕ್ಕಿ: ಜಗಳ ನಿಜವಾಗಿ ಯಾವ ಬೆಕ್ಕಿನ ಬಗ್ಗೆ?

2025ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಸರ್ಕಾರ ಒಂದು ತೀರ್ಮಾನ ಪ್ರಕಟಿಸಿತು. 2050ರ ಹೊತ್ತಿಗೆ ದೇಶದಿಂದ ಪೂರ್ತಿ ಇಲ್ಲವಾಗಿಸಬೇಕಾದ ಪ್ರಾಣಿಗಳ ಪಟ್ಟಿಗೆ ಬೆಕ್ಕನ್ನೂ ಸೇರಿಸುವುದಾಗಿ ಅಲ್ಲಿನ ಸಂರಕ್ಷಣಾ ಸಚಿವ ತಾಮಾ ಪೊಟಾಕಾ ಹೇಳಿದರು. ಇಲಿ, ಮರಿಯನ್ನು ಚೀಲದಲ್ಲಿ ಹೊರುವ ಪಾಸಮ್, ಮುಂಗುಸಿಯಂತೆ ಕಾಣುವ ಸಣ್ಣ ಬೇಟೆಗಾರ ಪ್ರಾಣಿಗಳಾದ ಸ್ಟೋಟ್, ಫೆರೆಟ್, ವೀಸೆಲ್‌ಗಳು ಆ ಪಟ್ಟಿಯಲ್ಲಿ ಮೊದಲೇ ಇದ್ದವು. ತಲೆಬರಹ ಮಾತ್ರ ಓದಿದವರಿಗೆ ಮನೆಯಲ್ಲಿ ಸೋಫಾ ಮೇಲೆ ಮಲಗಿರುವ ಬೆಕ್ಕಿಗೂ ಕುತ್ತು ಬಂತು ಅನಿಸುವುದು ಸಹಜ. ಆದರೆ ಪಟ್ಟಿಗೆ ಸೇರಿದ್ದು ಮನುಷ್ಯರ ಹಂಗಿಲ್ಲದೆ ಕಾಡಿನಲ್ಲಿ ಬದುಕುವ ಬೆಕ್ಕು ಮಾತ್ರ. ಸಾಕಿದ ಬೆಕ್ಕು ಅದರಲ್ಲಿಲ್ಲ.

ಇಂಥ ಗೊಂದಲ ಇದೇ ಮೊದಲಲ್ಲ. ಅದೇ ವರ್ಷದ ಶುರುವಿನಲ್ಲಿ ಸ್ಕಾಟ್ಲೆಂಡಿನ ಪ್ರಾಣಿ ಕಲ್ಯಾಣ ಆಯೋಗದ ವರದಿಯೊಂದು, ಅಪಾಯದಲ್ಲಿರುವ ವನ್ಯಜೀವಿಗಳ ನೆಲೆಯ ಸುತ್ತ ಬೆಕ್ಕುಗಳ ಓಡಾಟಕ್ಕೆ ಮಿತಿ ಹಾಕುವ ಬಗ್ಗೆ ಯೋಚಿಸಬಹುದು ಎಂದಿತು. ಬೆಕ್ಕುಗಳಿಗೆ ನಿಷೇಧ ಬರುತ್ತದೆ ಅನ್ನುವ ಮಾತು ಎಷ್ಟು ಹಬ್ಬಿತೆಂದರೆ, ಅಂಥ ಯೋಚನೆಯೇ ಇಲ್ಲ ಎಂದು ಅಲ್ಲಿನ ಸರ್ಕಾರದ ಮುಖ್ಯಸ್ಥ, ಫಸ್ಟ್ ಮಿನಿಸ್ಟರ್ ಜಾನ್ ಸ್ವಿನ್ನಿ ಅವರೇ ಹೇಳಬೇಕಾಯಿತು. 2022ರಲ್ಲಿ ಪೋಲೆಂಡಿನ ವಿಜ್ಞಾನ ಸಂಸ್ಥೆಯೊಂದು ತನ್ನ 'ಆಕ್ರಮಣಕಾರಿ ಪರಕೀಯ ಜೀವಿ'ಗಳ (ಹೊರಗಿನಿಂದ ಬಂದು ಸ್ಥಳೀಯ ಜೀವಿಗಳಿಗೆ ಹಾನಿ ಮಾಡುವವು) ದಾಖಲೆಗೆ ಸಾಕು ಬೆಕ್ಕನ್ನು ಸೇರಿಸಿದಾಗಲೂ ಹೀಗೇ ಆಗಿತ್ತು. ಅದು ವಿಜ್ಞಾನಿಗಳ ವರ್ಗೀಕರಣವಾಗಿತ್ತು, ಯಾರ ಮನೆಯ ಬೆಕ್ಕಿನ ಮೇಲೂ ಅದರಿಂದ ಕಾನೂನು ಬರಲಿಲ್ಲ.

ಹಾಗಾದರೆ ನಗರದ ಮನೆ ಬೆಕ್ಕಿನಿಂದ ಹಕ್ಕಿಗಳಿಗೆ ನಿಜವಾಗಿ ಎಷ್ಟು ಹಾನಿ? ಇದಕ್ಕೆ ಉತ್ತರ ಬೇಕಾದರೆ ಮೊದಲು ಯಾವ ಬೆಕ್ಕಿನ ಮಾತಾಡುತ್ತಿದ್ದೇವೆ ಎಂದು ಬಿಡಿಸಿಕೊಳ್ಳಬೇಕು.

ಜಾತಿ ಒಂದೇ, ಬದುಕು ಮೂರು ಥರ

ಮೊದಲನೆಯದು ಮನೆ ಬೆಕ್ಕು. ಊಟ, ಔಷಧಿ, ಮಲಗುವ ಜಾಗ ಎಲ್ಲ ಮನುಷ್ಯರಿಂದಲೇ. ಎರಡನೆಯದು ಬೀದಿ ಬೆಕ್ಕು. ಅದಕ್ಕೆ ಯಜಮಾನರಿಲ್ಲ, ಆದರೆ ಕಸದ ತೊಟ್ಟಿ, ಯಾರೋ ಇಡುವ ಅನ್ನ ಅದರ ಆಸರೆ. ಮೂರನೆಯದು ಕಾಡುಪಾಲಾದ ಬೆಕ್ಕು. ಅದು ಪೂರ್ತಿ ಬೇಟೆಯಾಡಿಯೇ ಬದುಕುತ್ತದೆ.

ಈ ಗೆರೆಗಳು ಗಟ್ಟಿಯಲ್ಲ. ಮನೆ ಬೆಕ್ಕನ್ನು ಯಾರೋ ಬಿಟ್ಟುಬಂದರೆ ಅದು ಬೀದಿ ಬೆಕ್ಕಾಗುತ್ತದೆ. ಬೀದಿ ಬೆಕ್ಕಿನ ಮರಿ ಊರಂಚಿನ ಕುರುಚಲು ಸೇರಿದರೆ ಕಾಡಿನದಾಗುತ್ತದೆ. ಆದರೂ ಲೆಕ್ಕ ಹಾಕುವಾಗ ಮೂರನ್ನೂ ಬೇರೆಬೇರೆ ಇಡಲೇಬೇಕು. ಯಾಕೆಂದರೆ ಒಂದೊಂದು ಮಾಡುವ ಹಾನಿ ಬೇರೆ, ತಡೆಯುವ ದಾರಿಯೂ ಬೇರೆ. ಬಹುತೇಕ ವಾದಗಳಲ್ಲಿ ಒಂದು ಕಡೆಯವರು ಕಾಡಿನ ಬೆಕ್ಕಿನ ಅಂಕಿ ಹಿಡಿದು ಮನೆ ಬೆಕ್ಕಿನ ಮೇಲೆ ಆರೋಪ ಹೊರಿಸುತ್ತಾರೆ. ಇನ್ನೊಂದು ಕಡೆಯವರು ತಮ್ಮ ಮನೆಯ ಸೋಮಾರಿ ಬೆಕ್ಕನ್ನು ತೋರಿಸಿ ಇಡೀ ಸಮಸ್ಯೆಯೇ ಇಲ್ಲ ಅನ್ನುತ್ತಾರೆ.

ಹೊಟ್ಟೆ ತುಂಬಿದರೂ ಬೇಟೆ ಯಾಕೆ?

ಚೆನ್ನಾಗಿ ಊಟ ಹಾಕಿದರೆ ಬೆಕ್ಕು ಹಕ್ಕಿ ಹಿಡಿಯುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ಬೆಕ್ಕಿನ ಪೂರ್ವಜರು ಒಂದೇ ಸಲ ದೊಡ್ಡ ಬೇಟೆ ತಿಂದು ವಾರಗಟ್ಟಲೆ ಮಲಗುವ ಪ್ರಾಣಿಗಳಲ್ಲ. ದಿನಕ್ಕೆ ಹಲವು ಸಣ್ಣ ಬೇಟೆ ಬೇಕಿತ್ತು, ಪ್ರತಿ ಸಲ ಹೊಂಚಿದಾಗಲೂ ಸಿಗುತ್ತಿರಲಿಲ್ಲ. ಹಸಿವಾಗುವ ತನಕ ಕಾದರೆ ತಡವಾಗಿಬಿಡುತ್ತಿತ್ತು. ಹಾಗಾಗಿ ಏನಾದರೂ ಪಟಪಟ ಅಂದರೆ ಸಾಕು, ಹಸಿವಿರಲಿ ಇಲ್ಲದಿರಲಿ, ಬೆಕ್ಕು ಹೊಂಚುತ್ತದೆ. ಮನುಷ್ಯ ಬೆಕ್ಕನ್ನು ಹತ್ತಿರ ಬಿಟ್ಟುಕೊಂಡದ್ದೇ ಇಲಿ ಹಿಡಿಯುತ್ತದೆ ಎಂದು. ಆ ಗುಣವನ್ನು ನಾವು ತಲೆಮಾರುಗಳಿಂದ ಉಳಿಸಿಕೊಂಡೇ ಬಂದಿದ್ದೇವೆ.

'ನಮ್ಮ ಬೆಕ್ಕು ಏನನ್ನೂ ಹಿಡಿದು ತಂದಿಲ್ಲ' ಅನ್ನುವ ಮಾತಿಗೂ ಒಂದು ಮಿತಿ ಇದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್‌ನಲ್ಲಿ ಸಂಶೋಧಕರು 55 ಸಾಕು ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದರು. ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೇಟೆಯಾಡಿದ್ದು ಅರ್ಧಕ್ಕಿಂತ ಕಡಿಮೆ ಬೆಕ್ಕುಗಳು, ಸುಮಾರು 44 ಶೇಕಡಾ. ಅವು ಹಿಡಿದದ್ದರಲ್ಲಿ ಮನೆಗೆ ತಂದದ್ದು ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಸುಮಾರು ಅರ್ಧದಷ್ಟನ್ನು ಕೊಂದ ಜಾಗದಲ್ಲೇ ಬಿಟ್ಟು ಹೋಗಿದ್ದವು, ಉಳಿದದ್ದನ್ನು ತಿಂದಿದ್ದವು. ಹೆಚ್ಚು ಬಲಿಯಾದದ್ದು ಹಕ್ಕಿಯಲ್ಲ, ಹಲ್ಲಿ ಜಾತಿಯ ಪ್ರಾಣಿಗಳು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಎಲ್ಲ ಬೆಕ್ಕೂ ಬೇಟೆಗಾರ ಅಲ್ಲ. ಆದರೆ ಬೇಟೆಯಾಡುವ ಬೆಕ್ಕು ಎಷ್ಟು ಕೊಲ್ಲುತ್ತದೆ ಎಂದು ಬಾಗಿಲಲ್ಲಿ ಸಿಕ್ಕ ಗರಿ ಎಣಿಸಿ ಹೇಳಲು ಆಗುವುದಿಲ್ಲ. ಹಕ್ಕಿಗಳ ಬಗ್ಗೆ ಇಷ್ಟೊಂದು ಮಾತು ನಡೆಯುವಾಗ ಓತಿಕ್ಯಾತ, ಹಲ್ಲಿ, ಚಿಕ್ಕ ಹಾವು, ಕಪ್ಪೆಗಳ ಸುದ್ದಿಯೇ ಬರುವುದಿಲ್ಲ. ಅವುಗಳ ಸಾವನ್ನು ಯಾರೂ ಗಮನಿಸುವುದೂ ಇಲ್ಲ.

ಕೋಟಿ ಕೋಟಿ ಲೆಕ್ಕ ಎಲ್ಲಿಂದ ಬಂತು?

ಎಲ್ಲ ಕಡೆ ಉಲ್ಲೇಖವಾಗುವ ಅಂಕಿಯೊಂದಿದೆ. ಅಮೆರಿಕದಲ್ಲಿ ಹೊರಗೆ ಓಡಾಡುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು, 630 ಕೋಟಿಯಿಂದ 2,230 ಕೋಟಿ ಸಣ್ಣ ಸಸ್ತನಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿತು. ಕಡಿಮೆ ಅಂಕಿಗೂ ಹೆಚ್ಚು ಅಂಕಿಗೂ ಮೂರು ಪಟ್ಟು ಅಂತರ ಇದೆ. ಯಾಕೆಂದರೆ ಯಾರೂ ಸತ್ತ ಹಕ್ಕಿಗಳನ್ನು ಒಂದೊಂದಾಗಿ ಎಣಿಸಿಲ್ಲ. ದೇಶದಲ್ಲಿ ಎಷ್ಟು ಬೆಕ್ಕಿವೆ, ಅದರಲ್ಲಿ ಎಷ್ಟು ಹೊರಗೆ ಹೋಗುತ್ತವೆ, ಎಷ್ಟು ಬೇಟೆಯಾಡುತ್ತವೆ, ಒಂದು ಬೆಕ್ಕು ಎಷ್ಟು ಹಿಡಿಯುತ್ತದೆ ಎಂದು ಒಂದರ ಮೇಲೊಂದು ಅಂದಾಜು ಗುಣಿಸಿದ ಲೆಕ್ಕ ಅದು. ಯಜಮಾನರಿಲ್ಲದ ಬೆಕ್ಕುಗಳ ಸಂಖ್ಯೆಯೇ ಸರಿಯಾಗಿ ಗೊತ್ತಿಲ್ಲದಿದ್ದಾಗ ಕೊನೆಯ ಉತ್ತರ ಅಷ್ಟು ಹಿಗ್ಗುವುದು ಸಹಜ.

ಸುದ್ದಿಗಳಲ್ಲಿ ಬಿಟ್ಟುಹೋಗುವ ಸಾಲು ಬೇರೆಯೇ ಇದೆ. ಅದೇ ಅಧ್ಯಯನದ ಪ್ರಕಾರ ಸತ್ತ ಹಕ್ಕಿಗಳಲ್ಲಿ ಸುಮಾರು 69 ಶೇಕಡಾ ಯಜಮಾನರಿಲ್ಲದ ಬೆಕ್ಕುಗಳಿಗೆ ಬಲಿಯಾದವು. ಸಸ್ತನಿಗಳಲ್ಲಿ ಆ ಪಾಲು 89 ಶೇಕಡಾ. ಅಂದರೆ ದೊಡ್ಡ ಪಾಲು ಮನೆ ಬೆಕ್ಕಿನದ್ದಲ್ಲ. ಹಾಗಂತ ಉಳಿದ ಪಾಲನ್ನು ಸಣ್ಣದು ಅನ್ನಲಾಗದು. ಕಡಿಮೆ ಅಂದಾಜನ್ನೇ ಹಿಡಿದರೂ ಅದು ಹತ್ತಾರು ಕೋಟಿ ಹಕ್ಕಿಗಳಾಗುತ್ತದೆ.

ಒಂದು ಬೆಕ್ಕು ಕೊಲ್ಲುವುದು ಕಡಿಮೆ, ಒಂದು ಬಡಾವಣೆಯಲ್ಲಿ ಸಾಯುವುದು ಜಾಸ್ತಿ

ನಗರದ ಮಟ್ಟಿಗೆ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ. ಒಂದೊಂದೇ ಬೆಕ್ಕನ್ನು ಹೋಲಿಸಿದರೆ ಕಾಡಿನ ಬೆಕ್ಕು ಮನೆ ಬೆಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಕೊಲ್ಲುತ್ತದೆ. ಆದರೆ ಕಾಡಿನ ಬೆಕ್ಕು ಹಲವು ಚದರ ಕಿಲೋಮೀಟರ್ ಜಾಗದಲ್ಲಿ ಒಂದೋ ಎರಡೋ ಇರುತ್ತದೆ. ನಗರದಲ್ಲಿ ಒಂದೇ ರಸ್ತೆಯಲ್ಲಿ ಹತ್ತು ಇರಬಹುದು. ಆಸ್ಟ್ರೇಲಿಯಾದ ಸಂಶೋಧಕರು ಎರಡನ್ನೂ ಜಾಗದ ಲೆಕ್ಕದಲ್ಲಿ ಹೋಲಿಸಿದಾಗ, ಒಂದು ಚದರ ಕಿಲೋಮೀಟರ್‌ನಲ್ಲಿ ಕಾಡಿನ ಬೆಕ್ಕುಗಳು ಕೊಲ್ಲುವುದಕ್ಕಿಂತ ವಸತಿ ಪ್ರದೇಶದ ಸಾಕು ಬೆಕ್ಕುಗಳು ಕೊಲ್ಲುವುದು ಸುಮಾರು 30ರಿಂದ 50 ಪಟ್ಟು ಹೆಚ್ಚು ಎಂದು ಕಂಡುಬಂತು.

ಇದಕ್ಕೆ ಕಾರಣ ಸರಳ. ಕಾಡಿನ ಬೇಟೆಗಾರ ಪ್ರಾಣಿಯ ಸಂಖ್ಯೆಯನ್ನು ಅದರ ಆಹಾರವೇ ಹಿಡಿತದಲ್ಲಿಡುತ್ತದೆ. ಬೇಟೆ ಕಡಿಮೆಯಾದರೆ ಬೇಟೆಗಾರನ ಮರಿಗಳು ಉಪವಾಸ ಬೀಳುತ್ತವೆ, ಸಂಖ್ಯೆ ಇಳಿಯುತ್ತದೆ, ಆಗ ಬೇಟೆಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಮನೆ ಬೆಕ್ಕಿಗೆ ಈ ಕಡಿವಾಣ ಇಲ್ಲ. ಬಡಾವಣೆಯಲ್ಲಿ ಒಂದೇ ಒಂದು ಗುಬ್ಬಿ ಉಳಿದರೂ ಬೆಕ್ಕಿನ ತಟ್ಟೆಯಲ್ಲಿ ಊಟ ಇದ್ದೇ ಇರುತ್ತದೆ. ಬೆಕ್ಕುಗಳ ಸಂಖ್ಯೆ ಇಳಿಯುವುದಿಲ್ಲ, ಹಕ್ಕಿಗಳಿಗೆ ಬಿಡುವು ಸಿಗುವುದಿಲ್ಲ.

ಇನ್ನೊಂದು ವಿಷಯ, ಬೆಕ್ಕು ಮನೆಯಿಂದ ಎಷ್ಟು ದೂರ ಹೋಗುತ್ತದೆ ಅನ್ನುವುದು. ಆರು ದೇಶಗಳ 925 ಸಾಕು ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ಮಾಡಿದ ಅಧ್ಯಯನ 2020ರಲ್ಲಿ ಬಂತು. ಹೆಚ್ಚಿನ ಬೆಕ್ಕುಗಳು ಮನೆಯಿಂದ 100 ಮೀಟರ್ ಒಳಗೇ ಹೆಚ್ಚು ಹೊತ್ತು ಕಳೆಯುತ್ತಿದ್ದವು. ಆ ಚಿಕ್ಕ ಜಾಗದಲ್ಲಿ ಅವುಗಳ ಬೇಟೆಯ ಒತ್ತಡ ಅಷ್ಟೇ ಗಾತ್ರದ ಕಾಡು ಪ್ರಾಣಿಗಳದ್ದಕ್ಕಿಂತ 4ರಿಂದ 10 ಪಟ್ಟು ಹೆಚ್ಚಿತ್ತು. ದೂರದ ಕಾಡಿಗೆ ಮನೆ ಬೆಕ್ಕಿನಿಂದ ಅಪಾಯ ಕಡಿಮೆ ಅನ್ನುವುದು ಇದರಿಂದ ಬರುವ ಸಮಾಧಾನ. ಆದರೆ ಅದೇ 100 ಮೀಟರ್ ಒಳಗೆ ಪಾರ್ಕೋ, ಕೆರೆಯಂಚಿನ ಪೊದೆಯೋ ಇದ್ದರೆ ಹೊಡೆತ ಪೂರ್ತಿ ಅದರ ಮೇಲೇ ಬೀಳುತ್ತದೆ.

ಸತ್ತವು ಹೇಗೂ ಸಾಯುತ್ತಿದ್ದವೇ?

ಬೆಕ್ಕಿನ ಪರ ನಿಲ್ಲುವವರ ಗಟ್ಟಿ ವಾದ ಇದು. ಹಕ್ಕಿಗಳು ಬದುಕುಳಿಯುವುದಕ್ಕಿಂತ ಹೆಚ್ಚು ಮರಿಗಳನ್ನು ಮಾಡುತ್ತವೆ. ಅದರಲ್ಲಿ ಬಹುಪಾಲು ಚಳಿಗೋ ಹಸಿವಿಗೋ ರೋಗಕ್ಕೋ ಹೇಗೂ ಸಾಯುತ್ತವೆ. ಬೆಕ್ಕು ಹಿಡಿಯುವುದು ಅಂಥ ಬಡಕಲು ಹಕ್ಕಿಯನ್ನೇ ಆದರೆ ಒಟ್ಟು ಸಂಖ್ಯೆ ಕುಗ್ಗಬೇಕಿಲ್ಲ. ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಬಹಳ ಕಾಲದಿಂದ ಹೇಳುತ್ತಾ ಬಂದಿರುವುದೂ ಇದನ್ನೇ: ದೇಶದ ಮಟ್ಟದಲ್ಲಿ ಬೆಕ್ಕುಗಳಿಂದ ಹಕ್ಕಿಗಳ ಸಂಖ್ಯೆ ಇಳಿದಿದೆ ಎನ್ನಲು ಸ್ಪಷ್ಟ ಪುರಾವೆ ಇಲ್ಲ. ಅದೂ ಬ್ರಿಟನ್ನಿನ ಬೆಕ್ಕುಗಳು ವಸಂತ ಮತ್ತು ಬೇಸಿಗೆಯ ಐದು ತಿಂಗಳಲ್ಲೇ ಸುಮಾರು 2.7 ಕೋಟಿ ಹಕ್ಕಿಗಳನ್ನು ಮನೆಗೆ ತಂದಿವೆ ಎಂಬ ಅಂದಾಜು ಇದ್ದಾಗಲೂ. ಬ್ರಿಸ್ಟಲ್ ನಗರದ ಅಧ್ಯಯನವೊಂದು ಈ ವಾದಕ್ಕೆ ಸ್ವಲ್ಪ ಬಲ ಕೊಟ್ಟಿತು. ಕಿಟಕಿಗೋ ವಾಹನಕ್ಕೋ ಬಡಿದು ಸತ್ತ ಹಕ್ಕಿಗಳಿಗಿಂತ ಬೆಕ್ಕು ಹಿಡಿದ ಹಕ್ಕಿಗಳು ಹೆಚ್ಚು ಸೊರಗಿದ್ದವು.

ಆದರೆ ಈ ಮಾತು ಎಲ್ಲ ಕಡೆ ಹೊಂದುವುದಿಲ್ಲ. ವಾಷಿಂಗ್ಟನ್ ಡಿ.ಸಿ. ಹೊರವಲಯದ ಬಡಾವಣೆಗಳಲ್ಲಿ ಗ್ರೇ ಕ್ಯಾಟ್‌ಬರ್ಡ್ ಎಂಬ ಹಕ್ಕಿಯ ಮರಿಗಳಿಗೆ ರೇಡಿಯೋ ಸಾಧನ ಕಟ್ಟಿ ಹಿಂಬಾಲಿಸಲಾಯಿತು. ಗೂಡು ಬಿಟ್ಟ ಮೇಲೆ ಸತ್ತ ಮರಿಗಳಲ್ಲಿ 79 ಶೇಕಡಾ ಬೇಟೆಗೆ ಬಲಿಯಾದವು. ಕೊಂದದ್ದು ಯಾರೆಂದು ಗೊತ್ತಾದ ಕಡೆ ಹೆಚ್ಚುಕಡಿಮೆ ಅರ್ಧ ಬೆಕ್ಕುಗಳ ಕೆಲಸ. ಮರಿ ಗಟ್ಟಿಮುಟ್ಟಾಗಿರಲಿ ಬಡಕಲಾಗಿರಲಿ, ಹಾರಲು ಕಲಿಯುವ ಆ ಕೆಲವು ದಿನ ನೆಲದ ಹತ್ತಿರವೇ ಇರುತ್ತದೆ. ಬೆಕ್ಕಿಗೆ ಅದು ಸುಲಭದ ತುತ್ತು. 'ದುರ್ಬಲ ಹಕ್ಕಿ ಮಾತ್ರ ಸಾಯುತ್ತದೆ' ಅನ್ನುವ ವಾದ ಈ ಹಂತದಲ್ಲಿ ನಿಲ್ಲುವುದಿಲ್ಲ.

ಮುಟ್ಟದೆಯೂ ಆಗುವ ಹಾನಿ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಪ್ರಯೋಗವೊಂದು ಈ ಚರ್ಚೆಗೆ ಬೇರೆಯೇ ಆಯಾಮ ಕೊಟ್ಟಿತು. ಸಂಶೋಧಕರು ಬ್ಲ್ಯಾಕ್‌ಬರ್ಡ್ ಹಕ್ಕಿಗಳ ಗೂಡಿನ ಹತ್ತಿರ ಒಳಗೆ ತುಂಬಿಸಿ ಹೊಲಿದ, ಜೀವವಿಲ್ಲದ ಬೆಕ್ಕನ್ನು 15 ನಿಮಿಷ ಇಟ್ಟು ತೆಗೆದರು. ಬೆಕ್ಕು ಹೋದ ಮೇಲೂ ತಂದೆತಾಯಿ ಹಕ್ಕಿಗಳು ಗೂಡಿಗೆ ಬರಲು ಅಂಜಿದವು. ಮರಿಗಳಿಗೆ ತರುವ ಆಹಾರ ಮೂರನೇ ಒಂದು ಭಾಗದಷ್ಟು ಇಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಬೆಕ್ಕನ್ನು ಕಂಡ ಹಕ್ಕಿಗಳು ಚೀರಾಡಿ ಎಚ್ಚರಿಕೆ ಕೊಟ್ಟವು, ಮೇಲೆರಗಿ ಓಡಿಸಲು ನೋಡಿದವು. ಆ ಗಲಾಟೆಯಿಂದ ಗೂಡು ಎಲ್ಲಿದೆ ಅನ್ನುವುದು ಕಾಗೆ ಜಾತಿಯ ಹಕ್ಕಿಗಳಿಗೆ, ಅಳಿಲುಗಳಿಗೆ ತಿಳಿದುಹೋಯಿತು. ಮುಂದಿನ ಒಂದು ದಿನದಲ್ಲಿ ಆ ಗೂಡುಗಳ ಮೇಲಿನ ದಾಳಿ ಹೆಚ್ಚಾಯಿತು. ಬೆಕ್ಕು ಒಂದು ಮೊಟ್ಟೆಯನ್ನೂ ಮುಟ್ಟಿಲ್ಲ, ಆದರೂ ಗೂಡು ಬರಿದಾಗಬಹುದು. ಈ ಸಾವು ಯಾವ ಬೆಕ್ಕಿನ ಲೆಕ್ಕಕ್ಕೂ ಬರುವುದಿಲ್ಲ. ಕೋಟಿಗಳ ಅಂದಾಜು ದೊಡ್ಡದಾಯಿತು ಎಂದು ವಾದಿಸುವವರು ಇದನ್ನೂ ತೂಗಿ ನೋಡಬೇಕು ಅಲ್ವಾ?

ರೋಗದ ಮಾತೂ ಇದೆ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕು ಜಾತಿಯ ಹೊಟ್ಟೆಯಲ್ಲಿ ಮಾತ್ರ ತನ್ನ ಜೀವನಚಕ್ರ ಮುಗಿಸುತ್ತದೆ. ಬೆಕ್ಕಿನ ಮಲದಿಂದ ಮಣ್ಣಿಗೆ, ಮಳೆನೀರಿನಿಂದ ಸಮುದ್ರಕ್ಕೆ ಹೋಗಿ ಹವಾಯಿಯ ಮಂಕ್ ಸೀಲ್ ಎಂಬ ಅಪರೂಪದ ಸಮುದ್ರ ಸಸ್ತನಿಗಳನ್ನೂ ಕೊಂದಿದೆ.

ದ್ವೀಪದ ಕಥೆ ಬೇರೆ

ನ್ಯೂಜಿಲೆಂಡ್ ಯಾಕೆ ಇಷ್ಟು ಕಟುವಾಗಿದೆ, ಬ್ರಿಟನ್ ಯಾಕೆ ಮೆತ್ತಗಿದೆ? ಬ್ರಿಟನ್ನಿನಲ್ಲಿ ಬೆಕ್ಕುಗಳಿಗೆ ಸುಮಾರು ಎರಡು ಸಾವಿರ ವರ್ಷದ ಇತಿಹಾಸವಿದೆ. ಅದಕ್ಕೂ ಮೊದಲಿಂದಲೇ ನರಿ, ಮುಂಗುಸಿಯಂಥ ಬೇಟೆಗಾರರೊಂದಿಗೆ ಬದುಕಿದ ಯುರೋಪ್ ಏಷ್ಯಾಗಳ ಹಕ್ಕಿಗಳಿಗೆ ನೆಲದ ಶತ್ರುವಿನ ಭಯ ಗೊತ್ತು. ನ್ಯೂಜಿಲೆಂಡಿನಲ್ಲಿ ಮನುಷ್ಯ ಬರುವ ಮೊದಲು ಇದ್ದ ನೆಲದ ಸಸ್ತನಿ ಎಂದರೆ ಬಾವಲಿ ಮಾತ್ರ. ವಾಸನೆ ಹಿಡಿದು ಬರುವ ಶತ್ರುವೇ ಇಲ್ಲದ ಕಡೆ ಹಕ್ಕಿಗಳು ನೆಲದಲ್ಲಿ ಗೂಡು ಕಟ್ಟಿದವು, ಕೆಲವು ಹಾರುವುದನ್ನೇ ಬಿಟ್ಟವು. 1890ರ ದಶಕದಲ್ಲಿ ಸ್ಟೀಫನ್ಸ್ ದ್ವೀಪಕ್ಕೆ ದೀಪಸ್ತಂಭದ ಜೊತೆ ಬೆಕ್ಕುಗಳೂ ಬಂದವು. ಅಲ್ಲಿದ್ದ ಹಾರಲಾರದ ಪುಟ್ಟ ರೆನ್ ಹಕ್ಕಿ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಒಂದೇ ಬೆಕ್ಕು ಇಡೀ ಜಾತಿಯನ್ನು ಮುಗಿಸಿತು ಎಂಬ ಕಥೆ ಸರಿಯಲ್ಲ, ಅಲ್ಲಿ ಹಲವು ಬೆಕ್ಕುಗಳು ಕಾಡುಪಾಲಾಗಿದ್ದವು. 2010ರಲ್ಲಿ ಇದೇ ದೇಶದಲ್ಲಿ ಒಂದು ಬೆಕ್ಕು ಒಂದು ವಾರದಲ್ಲಿ 100ಕ್ಕೂ ಹೆಚ್ಚು ಬಾವಲಿಗಳನ್ನು ಕೊಂದದ್ದು ದಾಖಲಾಗಿದೆ.

ಜಗತ್ತಿನಲ್ಲಿ ಈವರೆಗೆ ಅಳಿದ ಹಕ್ಕಿ, ಸಸ್ತನಿ, ಸರೀಸೃಪಗಳಲ್ಲಿ 63 ಜಾತಿಗಳ ಅಳಿವಿನಲ್ಲಿ ಬೆಕ್ಕಿನ ಕೈವಾಡ ಇದೆ ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತು. ಇಂಥ ಅಳಿವು ನಡೆದದ್ದು ಹೆಚ್ಚಾಗಿ ದ್ವೀಪಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ. ಹಾಗಾಗಿ ದ್ವೀಪದ ಕಾನೂನನ್ನು ಎತ್ತಿ ತಂದು ದೊಡ್ಡ ಭೂಖಂಡದ ನಗರದಲ್ಲಿ ಹಾಗೇ ಜಾರಿ ಮಾಡುವುದು ತಪ್ಪಾಗುತ್ತದೆ. ಇದು ದ್ವೀಪಗಳ ಸಮಸ್ಯೆ ಮಾತ್ರ ಎಂದು ಭೂಖಂಡದವರು ಕೈತೊಳೆದುಕೊಳ್ಳುವುದೂ ಅಷ್ಟೇ ತಪ್ಪು. ಸುತ್ತ ಕಟ್ಟಡಗಳಿರುವ ಪಾರ್ಕು ಕೂಡ ಅಲ್ಲಿನ ಹಕ್ಕಿಗಳ ಮಟ್ಟಿಗೆ ಒಂದು ದ್ವೀಪವೇ.

ಗಾಜು, ಕಟ್ಟಡ, ಕೀಟನಾಶಕ: ಇವುಗಳ ತಪ್ಪಿಲ್ಲವೇ?

ಖಂಡಿತ ಇದೆ. ಅಮೆರಿಕ ಒಂದರಲ್ಲೇ ಕಟ್ಟಡದ ಗಾಜಿಗೆ ಬಡಿದು ವರ್ಷಕ್ಕೆ 36 ಕೋಟಿಯಿಂದ 99 ಕೋಟಿ ಹಕ್ಕಿಗಳು ಸಾಯುತ್ತವೆ ಎಂಬ ಅಂದಾಜಿದೆ. ನೆಲೆ ನಾಶವಂತೂ ಎಲ್ಲಕ್ಕಿಂತ ದೊಡ್ಡ ಕಾರಣ. ಮರ ಕಡಿದು ಕಾಂಕ್ರೀಟ್ ಹಾಕಿ, ಹುಳುಗಳನ್ನು ಕೊಂದು, ಆಮೇಲೆ ಬೆಕ್ಕಿನತ್ತ ಬೆರಳು ತೋರಿಸುವುದು ಅನ್ಯಾಯ ಎಂದು ಪ್ರಾಣಿಪ್ರಿಯರು ಹೇಳುವುದರಲ್ಲಿ ಸತ್ಯವಿದೆ. ಆದರೆ ನೆಲೆ ಕಳೆದುಕೊಂಡು ಸಂಖ್ಯೆ ಕುಗ್ಗಿದ ಹಕ್ಕಿಗೇ ಬೆಕ್ಕಿನ ಹೊಡೆತ ತಡೆದುಕೊಳ್ಳಲು ಆಗುವುದಿಲ್ಲ. ಒಂದು ಕಾರಣ ಇನ್ನೊಂದನ್ನು ಅಳಿಸುವುದಿಲ್ಲ, ಇನ್ನಷ್ಟು ಹರಿತ ಮಾಡುತ್ತದೆ.

ಬೆಕ್ಕು ಇಲ್ಲದಿದ್ದರೆ ಇಲಿ ಹೆಚ್ಚುತ್ತವೆ ಅನ್ನುವ ಮಾತಿಗೆ ಮಾತ್ರ ಅಷ್ಟು ಬಲವಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಸಂಸ್ಕರಣಾ ಕೇಂದ್ರವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಬೆಕ್ಕುಗಳು ಕೊಂದ ಹೆಗ್ಗಣ ಎರಡೇ ಎರಡು. ಹೆಗ್ಗಣ ದೊಡ್ಡದು, ತಿರುಗಿ ಕಚ್ಚುತ್ತದೆ. ಬೆಕ್ಕು ಸುಲಭದ ಬೇಟೆಗೆ ಹೋಗುತ್ತದೆ. ಬೆಕ್ಕುಗಳಿದ್ದಾಗ ಹೆಗ್ಗಣಗಳು ಅಡಗಿಕೊಳ್ಳುತ್ತಿದ್ದವು, ಅದಕ್ಕೇ ಕಡಿಮೆಯಾದಂತೆ ಕಾಣುತ್ತಿತ್ತು.

ಮನೆಯಲ್ಲೇ ಮಾಡಬಹುದಾದದ್ದು

ನೆಲೆ ನಾಶ ತಡೆಯಲು ದಶಕಗಳು ಬೇಕು, ಸರ್ಕಾರಗಳು ಬೇಕು. ಮನೆ ಬೆಕ್ಕಿನ ಬೇಟೆ ತಗ್ಗಿಸಲು ಇವತ್ತೇ ಶುರು ಮಾಡಬಹುದು. ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ಮುಖ್ಯ ಅಂಶ ಇದೇ. ಇಂಗ್ಲೆಂಡಿನ ನೈರುತ್ಯ ಭಾಗದ 355 ಬೆಕ್ಕುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ 36 ಶೇಕಡಾ ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಬೆಕ್ಕಿನ ಜೊತೆ ಬೇಟೆಯಂಥ ಆಟ ಆಡಿದರೆ 25 ಶೇಕಡಾ ಇಳಿಯಿತು. ಹಕ್ಕಿಗಳ ಕಣ್ಣಿಗೆ ಎದ್ದು ಕಾಣುವ ಬಣ್ಣಬಣ್ಣದ ಬಟ್ಟೆಯ ಕೊರಳಪಟ್ಟಿ ಹಾಕಿದಾಗ ಹಿಡಿದು ತಂದ ಹಕ್ಕಿಗಳು 42 ಶೇಕಡಾ ಕಡಿಮೆಯಾದವು. ಕೊರಳಿಗೆ ಕಟ್ಟುವ ಗಂಟೆಯಿಂದ ಈ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಿಂದಿನ ಕೆಲವು ಅಧ್ಯಯನಗಳಲ್ಲಿ ಕಂಡಿತ್ತು.

ಇವೆಲ್ಲ ಕಡಿಮೆ ಮಾಡುತ್ತವೆ, ನಿಲ್ಲಿಸುವುದಿಲ್ಲ. ಪೂರ್ತಿ ನಿಲ್ಲಿಸುವುದು ಬೆಕ್ಕನ್ನು ಒಳಗಿಡುವುದರಿಂದ ಮಾತ್ರ ಆಗುತ್ತದೆ. ಅದರಿಂದ ಬೆಕ್ಕಿಗೂ ಲಾಭವಿದೆ: ವಾಹನ, ನಾಯಿ, ಜಗಳದ ಗಾಯ, ಸೋಂಕು ಎಲ್ಲ ತಪ್ಪುತ್ತದೆ. ಆದರೆ ಸುಮ್ನೆ ಬಾಗಿಲು ಮುಚ್ಚಿದರೆ ಸಾಲದು. ಹತ್ತಲು ಎತ್ತರದ ಜಾಗ, ಕೆರೆಯಲು ಕಂಬ, ಕಿಟಕಿಯ ನೋಟ, ದಿನವೂ ಆಟ ಇಲ್ಲದಿದ್ದರೆ ಬೆಕ್ಕು ಬೇಸತ್ತು ದಪ್ಪಗಾಗುತ್ತದೆ. ಹೊರಗೆ ಓಡಾಡಿ ಅಭ್ಯಾಸವಾದ ಬೆಕ್ಕಿಗೆ ಇದು ಕಷ್ಟ, ಮರಿಯಿಂದಲೇ ಒಳಗೆ ಬೆಳೆದದ್ದಕ್ಕೆ ಸುಲಭ. ಪೂರ್ತಿ ಆಗದವರು ಹಕ್ಕಿಗಳು ಮರಿ ಮಾಡುವ ತಿಂಗಳಲ್ಲಿ, ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಾದರೂ ಒಳಗಿಡಬಹುದು. ಬೆಕ್ಕಿನ ಬಾಯಿಂದ ಬಿಡಿಸಿಕೊಂಡ ಹಕ್ಕಿ ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಹಾರಿಬಿಡಬಾರದು. ಹಲ್ಲಿನ ಸಣ್ಣ ಗಾಯದಿಂದಲೇ ಸೋಂಕು ಏರಿ ಸಾಯುತ್ತದೆ. ಬೇಗ ಪಶುವೈದ್ಯರಿಗೆ ತೋರಿಸಬೇಕು.

ಬೀದಿ ಬೆಕ್ಕಿನ ವಿಚಾರ ಇಷ್ಟು ಸರಳವಲ್ಲ. ಹಿಡಿದು, ಸಂತಾನಹರಣ ಮಾಡಿ, ಅದೇ ಜಾಗದಲ್ಲಿ ಬಿಡುವ ಪದ್ಧತಿಯನ್ನು ಪ್ರಾಣಿ ಕಲ್ಯಾಣದವರು ಒಪ್ಪುತ್ತಾರೆ. ವಾಪಸ್ ಬಿಟ್ಟ ಬೆಕ್ಕು ಸಾಯುವ ತನಕ ಬೇಟೆಯಾಡುತ್ತಲೇ ಇರುತ್ತದೆ ಎಂದು ಹಕ್ಕಿ ತಜ್ಞರು ಆಕ್ಷೇಪಿಸುತ್ತಾರೆ. ಆ ಪ್ರದೇಶದ ಬಹುಪಾಲು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ, ಹೊಸ ಬೆಕ್ಕುಗಳನ್ನು ತಂದು ಬಿಡುವುದು ನಿಲ್ಲದಿದ್ದರೆ ಸಂಖ್ಯೆ ಇಳಿಯುವುದಿಲ್ಲ. ದಿನಾ ಊಟ ಹಾಕಿ ಸಂತಾನಹರಣ ಮಾಡಿಸದೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹೆಚ್ಚು ಮರಿ ಹುಟ್ಟುತ್ತವೆ, ಅದರಲ್ಲಿ ಎಷ್ಟೋ ಮರಿಗಳು ನರಳಿ ಸಾಯುತ್ತವೆ, ಉಳಿದವು ಬೇಟೆಗಿಳಿಯುತ್ತವೆ.

ಕಾನೂನು ಯಾವ ಕಡೆ ಹೋಗುತ್ತಿದೆ?

ಈಗ ಕಾಣುತ್ತಿರುವುದು ಎರಡು ಮಾದರಿ. ಒಂದು ಜರ್ಮನಿಯ ವಾಲ್‌ಡಾರ್ಫ್ ಪಟ್ಟಣದ್ದು. ನೆಲದಲ್ಲಿ ಗೂಡು ಕಟ್ಟುವ ಕ್ರೆಸ್ಟೆಡ್ ಲಾರ್ಕ್ ಎಂಬ ಜುಟ್ಟಿನ ಹಕ್ಕಿ ಅಲ್ಲಿ ಬೆರಳೆಣಿಕೆಯಷ್ಟು ಉಳಿದಿತ್ತು. 2022ರಿಂದ 2025ರವರೆಗೆ ಪ್ರತಿ ವರ್ಷ ಏಪ್ರಿಲ್‌ನಿಂದ ಆಗಸ್ಟ್ ತನಕ ಆ ಭಾಗದ ಬೆಕ್ಕುಗಳನ್ನು ಮನೆಯೊಳಗೇ ಇಡಬೇಕೆಂದು ಆದೇಶವಾಯಿತು. ತಪ್ಪಿದರೆ 500 ಯೂರೋ ದಂಡ, ಬೆಕ್ಕು ಆ ಹಕ್ಕಿಯನ್ನು ಕೊಂದರೆ 50,000 ಯೂರೋವರೆಗೆ. ಜಾಗ ಚಿಕ್ಕದು, ಕಾಲ ಸೀಮಿತ, ಉಳಿಸಬೇಕಾದ ಜಾತಿ ಯಾವುದೆಂದು ಸ್ಪಷ್ಟ. ಆದರೆ ವರ್ಷಗಟ್ಟಲೆ ಹೊರಗಿದ್ದ ಬೆಕ್ಕನ್ನು ಒಂದೇ ದಿನದಲ್ಲಿ ಕೂಡಿಹಾಕಿದರೆ ಅದು ಒದ್ದಾಡುತ್ತದೆ. ಜನರ ವಿರೋಧವೂ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನೊಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ್ದು. ಅಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನು ಮನೆ ಆವರಣದೊಳಗೇ ಇಡುವುದು ಕಡ್ಡಾಯ. ಮೊದಲೇ ಬೆಕ್ಕುಗಳ ಓಡಾಟಕ್ಕೆ ನಿರ್ಬಂಧವಿದ್ದ ಬಡಾವಣೆಗಳನ್ನು ಬಿಟ್ಟರೆ ಹಳೆಯ ಬೆಕ್ಕುಗಳ ಬದುಕು ಬದಲಾಗುವುದಿಲ್ಲ. ಹೊಸ ಬೆಕ್ಕು ತರುವವರಿಗೆ ನಿಯಮ ಮೊದಲೇ ಗೊತ್ತಿರುತ್ತದೆ, ಮರಿಗೂ ಒಳಗಿನ ಬದುಕೇ ಅಭ್ಯಾಸವಾಗುತ್ತದೆ. ಎರಡನೆಯದೇ ಹೆಚ್ಚು ಕಡೆ ನಿಲ್ಲುವ ಮಾದರಿ ಎಂದು ಅನಿಸುತ್ತದೆ. ಯಾಕೆಂದರೆ ದಂಡಕ್ಕೆ ಹೆದರಿ ಜನ ಬೆಕ್ಕನ್ನು ಬೀದಿಗೆ ಬಿಟ್ಟುಬರುವ ಅಪಾಯ ಅದರಲ್ಲಿ ಕಡಿಮೆ. ಹಾಗೆ ಬಿಟ್ಟುಬಂದರೆ ಸಮಸ್ಯೆ ಮನೆಯಿಂದ ಬೀದಿಗೆ ಹೋಗುತ್ತದೆ ಅಷ್ಟೇ. ಆದರೆ ಇದು ನಿಧಾನದ ದಾರಿ. ಬೆಕ್ಕಿನ ಆಯುಸ್ಸು 15 ವರ್ಷದ ಹತ್ತಿರ ಇರುವುದರಿಂದ, ಈ ನಿಯಮದ ಪೂರ್ತಿ ಫಲ ಕ್ಯಾನ್‌ಬೆರಾದ ಹಕ್ಕಿಗಳಿಗೆ ಸಿಗುವುದು 2030ರ ದಶಕದ ಕೊನೆಯಲ್ಲಿ.